ಹಳೇ ಮನೆಗೆ ಹೊಸ ಬಣ್ಣ: ಕೆರೆಯುವ ಮೊದಲು ಸ್ವಲ್ಪ ನಿಲ್ಲೋಣ

ಕರಾವಳಿಯಿಂದ ಕೋಲಾರದ ಕಡೆ ಬಂದ ನಮ್ಮ ಕಣ್ಣಿಗೆ ಮೊದಲು ಬೀಳುವುದೇ ಇಲ್ಲಿಯ ಮನೆಗಳು. ನಮ್ಮಲ್ಲಿ ಕೆಂಪುಕಲ್ಲು, ಮಂಗಳೂರು ಹೆಂಚು. ಇಲ್ಲಿ ಕಲ್ಲುಕಂಬ, ಕಲ್ಲು ಚಪ್ಪಡಿಯ ಮಾಡು, ಸುಣ್ಣದ ಗಾರೆ. ಇಟ್ಟಿಗೆ, ಹೆಂಚು ಬೇಕಾದರೆ ಮಾಲೂರು ಉಂಟು. ಮುಳಬಾಗಿಲು, ಶ್ರೀನಿವಾಸಪುರದ ಹಳೇ ಬೀದಿಗಳಲ್ಲಿ ಇಂಥ ಮನೆಗಳು ಇನ್ನೂ ನಿಂತಿವೆ.

ಇಂಥ ಮನೆ ಕೊಂಡವರು ಈಗ ಒಳಗೆಲ್ಲ ಹೊಸತು ಮಾಡಿಸುತ್ತಿದ್ದಾರೆ. ಹಾಲ್‌ನ ಒಂದು ಗೋಡೆಗೆ ಅರಿಶಿನ ಬಣ್ಣ, ಅಡುಗೆಮನೆ ಕಪಾಟಿಗೆ ನವಿಲು ನೀಲಿ. "ಉಸ್ತಾದರೇ, ಇಷ್ಟು ಬಣ್ಣ ಆಗ್ತದಾ?" ಎಂದು ಕೇಳುವವರಿದ್ದಾರೆ. ಯಾಕಾಗಬಾರದು? ಹೈದರ್ ಅಲಿಯ ತಂದೆ ಫತೇ ಮುಹಮ್ಮದ್ ಮಲಗಿರುವುದು ಇದೇ ಕೋಲಾರದ ಮಕ್ಬರಾದಲ್ಲಿ. ಅವರ ಮೊಮ್ಮಗ ಟಿಪ್ಪು 1784ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ದರಿಯಾ ದೌಲತ್ ನೋಡಿ, ಗೋಡೆ ತುಂಬ ಬಣ್ಣ. ಚೆಂದ ದೀನ್‌ಗೆ ವಿರುದ್ಧವಲ್ಲ. ವಿರುದ್ಧವಾದದ್ದು ಇಸ್ರಾಫ್, ಅಂದರೆ ದುಂದು.

ನಮ್ಮ ಹೆದರಿಕೆ ಬೇರೆಯೇ. ಮೊನ್ನೆ ಒಬ್ಬರ ಮನೆಗೆ ಹೋದಾಗ ಹಳೇ ಬಾಗಿಲ ಹಸಿರು ಬಣ್ಣವನ್ನು ಮೆಷಿನ್ ಇಟ್ಟು ಉಜ್ಜುತ್ತಿದ್ದರು. ಮನೆಯೆಲ್ಲ ಧೂಳು. ಆ ಧೂಳಲ್ಲೇ ಪುಟ್ಟ ಮಗು ಕೂತು ಬಿಸ್ಕತ್ತು ತಿನ್ನುತ್ತಿತ್ತು.

ಹಳೇ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್ 1ರಿಂದ. ಸೀಸದ ಧೂಳು ಹೊಟ್ಟೆಗೆ ಹೋದರೆ ಮಗುವಿನ ಮೆದುಳಿಗೇ ಪೆಟ್ಟು, ಕಲಿಕೆ ಕುಂದುತ್ತದೆ. ಪಾಠ ಹೇಳುವ ನಮಗೆ ಇದು ಸಣ್ಣ ಮಾತಲ್ಲ.

ಆದ್ದರಿಂದ ಹಳೇ ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಮೇಲೆಯೇ ಹೊಸದು ಹಚ್ಚಿ. ಕೆರೆಯಲೇಬೇಕಾದರೆ ನೀರು ಹಾಕಿ ಒದ್ದೆ ಮಾಡಿ ಉಜ್ಜಿಸಿ. ಬೆಂಕಿ ತೋರಿಸಿ ಬಣ್ಣ ಕೀಳಬೇಡಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಕೆಲಸ ಮುಗಿದು ಶುಚಿಯಾಗುವವರೆಗೆ ಬೇರೆ ಮನೆಯಲ್ಲಿಡಿ. ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದವರಿಗೂ ಒಳ್ಳೆಯ ಮಾಸ್ಕ್ ಕೊಡಿಸಿ, ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಇನ್ನೊಂದು ಮಾತು. ಗಾರೆ ಗೋಡೆ ಉಸಿರಾಡುವ ಗೋಡೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಎರಡು ಮಳೆಗಾಲದಲ್ಲಿ ಬಣ್ಣ ಪೊರೆಪೊರೆಯಾಗಿ ಏಳಬಹುದು. ಸುಣ್ಣಕ್ಕೇ ಕಾವಿ, ಹಳದಿ ಮಣ್ಣಿನ ಬಣ್ಣ ಕಲಸಿ ಹಚ್ಚಿದರೆ ಗೋಡೆಗೂ ಹಿತ, ಜೇಬಿಗೂ ಹಿತ. ಢಾಳು ಬಣ್ಣದ ಆಸೆಯನ್ನು ಕಪಾಟು, ಪರದೆ, ದಿಂಬಿನಲ್ಲಿ ತೀರಿಸಿಕೊಳ್ಳಿ. ಬೇಸರವಾದಾಗ ಬದಲಿಸಲೂ ಸುಲಭ.

ಮನೆ ಅಲ್ಲಾಹನ ಅಮಾನತ್ತು, ಮಕ್ಕಳೂ ಹಾಗೆಯೇ. ಬಣ್ಣ ಎರಡು ವಾರ ತಡವಾದರೆ ಯಾರಿಗೂ ನಷ್ಟವಿಲ್ಲ.