ಯಾವ ಧಾತು ವರ್ಷ? ಹುಳಿಯಾರು ಸೀಮೆಯ ಬಾಯಿಮಾತಿನ ಚರಿತ್ರೆ

ಒಂದು ಸೀಮೆ ಬದಲಾದ ಬಗೆಯನ್ನು ಅಲ್ಲಿ ಬಾಳಿದವರ ಬಾಯಿಂದಲೇ ಕೇಳಿ, ಮಾತಿನ ಧಾಟಿ ಕೆಡದಂತೆ ಧ್ವನಿಮುದ್ರಿಸಿ, ಬರಹಕ್ಕಿಳಿಸಿ ಕಾಪಾಡುವ ಕೆಲಸಕ್ಕೆ ಮೌಖಿಕ ಇತಿಹಾಸವೆಂದು ಹೆಸರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ 1948ರಲ್ಲಿ ಇದಕ್ಕೆ ಸಾಂಸ್ಥಿಕ ರೂಪ ಕೊಟ್ಟಾಗ ದಾಖಲಾದದ್ದು ಹೆಚ್ಚಾಗಿ ಗಣ್ಯರ ನೆನಪುಗಳೇ. ದುಡಿಯುವವರ ಮಾತಿಗೂ ಸಾಕ್ಷ್ಯದ ಬೆಲೆ ಬಂದದ್ದು ಅನಂತರ. ಕೆರೆಯ ಹಿಂದಿನ ತೋಟಗಳಿಗೆ ಸೀಮಿತವಾಗಿದ್ದ ತೆಂಗು ಕೊಳವೆಬಾವಿಯ ಬೆನ್ನು ಹಿಡಿದು ರಾಗಿಯ ಹೊಲಗಳಿಗೂ ಏರಿದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಸೀಮೆಗೆ ಈ ಕೆಲಸದ ಅಗತ್ಯ ಎದ್ದು ಕಾಣುತ್ತದೆ. ಏಕೆಂದರೆ ಪಹಣಿಯಲ್ಲಿ ಹಿಡುವಳಿದಾರನ ಹೆಸರೂ ಬೆಳೆಯ ಹೆಸರೂ ಇರುತ್ತವೆಯೇ ಹೊರತು, ಅದೇ ಸರ್ವೆ ನಂಬರಿನಲ್ಲಿ ಹಿಂದೆ ಯಾರ ಕುರಿ ಮೇಯುತ್ತಿದ್ದವು, ಬಾವಿಯ ನೀರು ಎಷ್ಟು ಮಟ್ಟಿನ ಆಳಕ್ಕೆ ಸಿಗುತ್ತಿತ್ತು ಎಂಬುದು ಇರುವುದಿಲ್ಲ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಕಡೆಯೂ ಬಂದು ಬೇಸಾಯ, ನೇಯ್ಗೆ, ಸಂತೆಗಳ ಬಗ್ಗೆ ಸ್ಥಳೀಯರನ್ನು ವಿಚಾರಿಸಿ ಬರೆದುಕೊಂಡ. ಆ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ರೈತರನ್ನು ಕೇಳಿಯೇ ಬರೆದ ಗ್ರಂಥವಾದರೂ ಅದರಲ್ಲಿ ಕೇಳಿಸುವುದು ಬುಕಾನನ್ನನ ದನಿ ಮಾತ್ರ, ಉತ್ತರ ಹೇಳಿದವರದಲ್ಲ.

ಇಂಥ ಸೀಮೆಯಲ್ಲಿ ದಾಖಲಾತಿಗೆ ಹೊರಟವರಿಗೆ ಮೊದಲು ಎದುರಾಗುವ ತೊಡಕು ಕಾಲದ್ದು. ಹಿರಿಯರ ನೆನಪು ಇಸವಿಗಳಿಗಿಂತ ಸಂವತ್ಸರಗಳಿಗೆ, ಬರಗಳಿಗೆ, ಕೆರೆ ಕೋಡಿ ಬಿದ್ದ ವರ್ಷಗಳಿಗೆ ಅಂಟಿಕೊಂಡಿರುತ್ತದೆ. ಹಳೆಯ ಮೈಸೂರಿನ ಜನ ಇಂದಿಗೂ ಹೆಸರಿಸುವ ಧಾತು ಈಶ್ವರ ಬರ, ಅಂದರೆ ಧಾತು ಮತ್ತು ಈಶ್ವರ ಎಂಬ ಎರಡು ಸಂವತ್ಸರಗಳನ್ನು ವ್ಯಾಪಿಸಿದ 1876–78ರ ಮಹಾಕ್ಷಾಮ, ಎಷ್ಟು ಭೀಕರವಾಗಿತ್ತೆಂದರೆ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಕುಸಿಯಿತು. ಆದರೆ ಸಂವತ್ಸರ ಚಕ್ರ 60 ವರ್ಷಕ್ಕೊಮ್ಮೆ ಮರಳುವುದರಿಂದ 1936–37 ಕೂಡ ಧಾತು, 1996–97 ಕೂಡ ಧಾತು. ಮುದುಕರೊಬ್ಬರು ಧಾತು ವರ್ಷದಲ್ಲಿ ಜನ ಕತ್ತಾಳೆ ಗೆಡ್ಡೆ ಬೇಯಿಸಿ ತಿಂದರೆಂದು ಹೇಳಿದರೆ, ಅದು ಕಣ್ಣಾರೆ ಕಂಡದ್ದೋ, ಅಜ್ಜಿ ಹೇಳಿದ್ದನ್ನು ಕೇಳಿದ್ದೋ, ಎರಡು ಬರಗಳು ಒಂದೇ ಹೆಸರಿನಲ್ಲಿ ಬೆರೆತದ್ದೋ ಎಂದು ಬಿಡಿಸಿಕೊಳ್ಳಲು, ಆಗ ಮನೆಯಲ್ಲಿ ಯಾರು ಯಾರಿದ್ದರು, ಮದುವೆಯಾಗಿತ್ತೇ, ಬೋರನಕಣಿವೆ ಕಟ್ಟೆ ಆಗಲೇ ಇತ್ತೇ ಎಂದು ಸುತ್ತಿ ಬಳಸಿ ಕೇಳಬೇಕಾಗುತ್ತದೆ. ಸುವರ್ಣಮುಖಿಗೆ ಅಡ್ಡಲಾಗಿರುವ ಆ ಕಟ್ಟೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದಾದ್ದರಿಂದ, ಅದು ಇರಲಿಲ್ಲವೆಂಬ ಒಂದೇ ಮಾತು ಕಥೆಯನ್ನು ಎರಡು ತಲೆಮಾರು ಹಿಂದಕ್ಕೆ ಒಯ್ಯುತ್ತದೆ.

ಹಾಗೆಂದು ಬೆರಕೆಯಾದ ನೆನಪನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಇಟಲಿಯ ತೆರ್ನಿ ಪಟ್ಟಣದಲ್ಲಿ 1949ರಲ್ಲಿ ಪೊಲೀಸರಿಂದ ಹತನಾದ ಕಾರ್ಮಿಕ ಲುಯಿಜಿ ತ್ರಸ್ತುಲ್ಲಿಯ ಸಾವನ್ನು ಅವನ ಊರಿನವರು 1953ರ ಕಾರ್ಖಾನೆ ವಜಾಗಳ ಹೋರಾಟಕ್ಕೆ ಸೇರಿಸಿ ನೆನೆಯುತ್ತಿದ್ದುದನ್ನು ಗಮನಿಸಿದ ವಿದ್ವಾಂಸ ಅಲೆಸ್ಸಾಂದ್ರೊ ಪೋರ್ತೆಲ್ಲಿ, ಆ ತಪ್ಪೇ ಜನ ತಮ್ಮ ಸೋಲಿಗೆ ಕೊಟ್ಟುಕೊಂಡ ಅರ್ಥವೆಂದು ವಾದಿಸಿದರು. ಧಾತುವಿನ ಗೊಂದಲವನ್ನೂ ಆ ಕಣ್ಣಿನಿಂದ ನೋಡಬಹುದು.

ಕನ್ನಡದಲ್ಲಿ ಬಾಯಿಮಾತನ್ನು ಸಂಗ್ರಹಿಸಿದವರಿಗೆ ಕೊರತೆಯಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕವಿದೆ. ಕಾಡುಗೊಲ್ಲರ ನಂಬಿಕೆ, ಸಂಪ್ರದಾಯಗಳನ್ನು ಕುರಿತು ತೀ.ನಂ. ಶಂಕರನಾರಾಯಣ ಅವರ ಅಧ್ಯಯನವಿದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯಲ್ಲಿ, ಅಕ್ಷರವನ್ನೇ ಕಲಿಯದ ಸಿರಿಯಜ್ಜಿಯ ಹಾಡುಗಳನ್ನು ಬರೆದುಕೊಂಡ ಕೃಷ್ಣಮೂರ್ತಿ ಹನೂರರ ಶ್ರಮವಿದೆ. ಹುಳಿಯಾರಿನ ಸುತ್ತಲೂ ಹಟ್ಟಿಗಳಿವೆ, ಅಲ್ಲಿಯೂ ಪಶುಪಾಲಕರ ವೀರ ಜುಂಜಪ್ಪನ ಕಥೆಯನ್ನು ಗಣೆಯ, ಅಂದರೆ ಉದ್ದನೆಯ ಬಿದಿರು ಕೊಳಲಿನ, ನಾದದೊಡನೆ ಹಾಡುವ ಪರಂಪರೆಯಿದೆ. ಆದರೆ ಈ ಸಂಗ್ರಹಗಳ ಒಲವು ಹಾಡಿನ ಕಡೆಗೇ ಹೆಚ್ಚು. ಹಾಡು ಮುಗಿದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಆಡಿದ ಸಾಲ, ಕೂಲಿ, ಮೇವಿನ ಮಾತು ಅಚ್ಚಿಗೆ ಬಂದದ್ದು ಕಡಿಮೆ.

ಕೊಬ್ಬರಿಯ ವಿಷಯದಲ್ಲಿ ಈ ಕೊರತೆ ಇನ್ನೂ ಸ್ಪಷ್ಟ. ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗಿನ ನೀರು ತಾನಾಗಿ ಹಿಂಗಿ, ಅಲುಗಿಸಿದರೆ ಗಿಟುಕು ಚಿಪ್ಪಿಗೆ ಬಡಿದು ಸದ್ದಾಗುವ ತನಕ ಕಾದು, ಸುಲಿದು, ಚಿಪ್ಪು ಒಡೆದು ಉಂಡೆಯನ್ನು ಇಡಿಯಾಗಿ ತೆಗೆಯುವುದು ಇಲ್ಲಿಯ ಪದ್ಧತಿ. ತಿಪಟೂರು ಮಾರುಕಟ್ಟೆಯ ಧಾರಣೆ ದಿನಪತ್ರಿಕೆಯಲ್ಲಿ ಸಿಗುತ್ತದೆ. ಅಡುಗೆಮನೆಯ ಹೊಗೆ ತಾಗುವ ಅಟ್ಟ ಯಾವುದು, ಮಗಳ ಮದುವೆಗೆಂದು ಯಾವ ರಾಶಿಯನ್ನು ಮಾರದೆ ಇಟ್ಟರು, 1990ರ ದಶಕದ ಕೊನೆಯಲ್ಲಿ ಕಾಲಿಟ್ಟ ನುಸಿ ಪೀಡೆ ಕಾಯನ್ನು ಕುಗ್ಗಿಸಿದಾಗ ಆ ಲೆಕ್ಕ ಹೇಗೆ ತಪ್ಪಿತು ಎಂಬುದನ್ನು ಮನೆಯವರೇ ಹೇಳಬೇಕು. ತಾಲ್ಲೂಕಿನ ಕಬ್ಬಿಣದ ಅದಿರಿನ ಗಣಿಗಳ ಕಥೆಯೂ ಹಾಗೆಯೇ: ತುಮಕೂರು ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದ 2011ರ ಸುಪ್ರೀಂ ಕೋರ್ಟ್ ಆದೇಶ ಕಡತದಲ್ಲಿದೆ, ಕೆಂಧೂಳು ಕೂತ ಹೆಡೆಗಳ ಕೆಳಗೆ ನೀರು ಹಾಯಿಸಿದವರ ಅನುಭವ ಅದರಲ್ಲಿಲ್ಲ.

ಈ ಕೆಲಸಕ್ಕೆ ಬೇಕಾದದ್ದು ದೊಡ್ಡ ಸಲಕರಣೆಯಲ್ಲ. ಇಂದು ಮೊಬೈಲ್ ಫೋನೇ ಸಾಕು, ಜೊತೆಗೆ ಹೇಳಿದವರ ಒಪ್ಪಿಗೆಯೂ, ಅವರ ಹೆಸರು, ವಯಸ್ಸು, ಊರನ್ನು ಗುರುತಿಸಿಕೊಳ್ಳುವ ಶಿಸ್ತೂ, ನಡುನಡುವೆ ಬಾಯಿ ಹಾಕದ ತಾಳ್ಮೆಯೂ ಇದ್ದರಾಯಿತು. ಸಿಗದಿರುವುದು ಸಮಯವೊಂದೇ. 1936ರ ಧಾತುವನ್ನು ಬುದ್ಧಿ ಬಂದ ಮೇಲೆ ಕಂಡವರು ಈಗ ತೊಂಬತ್ತೈದು ದಾಟಿರಬೇಕು. ಮೂರನೆಯ ಧಾತುವಿನಲ್ಲಿ, ಅವರ ನೆನಪು ಗಟ್ಟಿಯಾಗಿದ್ದಾಗ, ಟೇಪ್ ರೆಕಾರ್ಡರುಗಳು ಊರೂರಿನಲ್ಲೂ ಇದ್ದವು, ಅವುಗಳಲ್ಲಿ ಹೆಚ್ಚಾಗಿ ಸಿನಿಮಾ ಹಾಡು ಕೇಳಲಾಗುತ್ತಿತ್ತು.