ಹೂವಿಗೆ ಮೊದಲು ಪೈರು: ತೆರಕಣಾಂಬಿ ಸೀಮೆಯ ಚೆಂಡು ಹೂ

ಜುಲೈ, ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಸುತ್ತಲಿನ ರಸ್ತೆ ಬದಿಯ ಹೊಲಗಳು ಕಿತ್ತಳೆ, ಹಳದಿ ಬಣ್ಣದಿಂದ ತುಂಬಿಹೋಗುತ್ತವೆ. ಕೇರಳ ನೋಂದಣಿಯ ಕಾರುಗಳು ಸಾಲಾಗಿ ನಿಂತು, ಜನ ಬದುವಿಗಿಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರು ನೋಡುವುದು ಫಲ. ಆ ಫಲದ ಅರ್ಧ ಭಾಗ ನಿರ್ಧಾರವಾಗಿರುವುದು ಬೇಸಿಗೆಯಲ್ಲೇ, ಪೈರು ಕೊಳ್ಳುವ ದಿನ.

ಮಳೆ ನೆರಳಿನ ಸೀಮೆ ಇದು. ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆ ಬಿದ್ದು ಮಣ್ಣು ಹದವಾದರೆ ಚೆಂಡು ಹೂವಿನ ನಾಟಿ ಶುರು. ಹಿಂದೆ ಹೊಲದ ಮೂಲೆಯ ಮಡಿಯಲ್ಲೇ ಬೀಜ ಚೆಲ್ಲಿ ಪೈರು ಎಬ್ಬಿಸುತ್ತಿದ್ದರು. ಈಗ ನರ್ಸರಿಯ ಟ್ರೇ ಬಂದಿದೆ. 98 ಗುಳಿಗಳ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದು ಬೀಜ ಹಾಕಿದರೆ 25–30 ದಿನಕ್ಕೆ ಪೈರು ನಾಟಿಗೆ ಸಿದ್ಧ.

ಕೊಳ್ಳುವಾಗ ಕಣ್ಣು ಹೋಗುವುದು ಎತ್ತರದ ಪೈರಿನ ಮೇಲೆ. ಅಲ್ಲೇ ನಷ್ಟ. ಬೆಳಕಿಗಾಗಿ ಏಗಿ ಉದ್ದವಾದ ಪೈರು ಹೊಲದ ಗಾಳಿಗೆ ಮಲಗುತ್ತದೆ. ಗಿಡ್ಡನೆಯ, ದಪ್ಪ ಕಾಂಡದ, ನಾಲ್ಕೈದು ಎಲೆಯ ಪೈರೇ ಗಟ್ಟಿ. ಒಂದನ್ನು ಗುಳಿಯಿಂದ ಮೆಲ್ಲಗೆ ಎಳೆದು ನೋಡಬೇಕು: ನಾರಿನ ಪುಡಿ ಉದುರದೆ ಹಿಡಿದುಕೊಂಡು, ಸುತ್ತ ಬಿಳಿ ಬೇರು ಕಂಡರೆ ಸರಿ. ಬೇರು ಕಂದಾಗಿದ್ದರೆ, ಎಲೆಯಡಿ ಕೆಂಪು ನುಸಿಯ ಸಣ್ಣ ಬಲೆ ಕಂಡರೆ ಆ ಟ್ರೇ ಮುಟ್ಟಬಾರದು. ಟ್ರೇಯಲ್ಲೇ ಮೊಗ್ಗು ಬಿಟ್ಟ ಪೈರೂ ಬೇಡ. ಮನೆಯಂಗಳಕ್ಕೆ ಜೀನಿಯಾ, ಕಾಸ್ಮಾಸ್ ಕೊಳ್ಳುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಅರಳಿ ನಿಂತ ಗಿಡ ಅಂಗಡಿಯಲ್ಲಿ ಚೆಂದ, ಮಣ್ಣಿಗಿಳಿದ ಮೇಲೆ ಬೇರು ಬಿಡಲು ಸೋಮಾರಿ.

ನಾಟಿಯಾದ ಮೇಲೆ ಬರುವುದು ಕುಡಿ ಚಿವುಟುವ ಕೆಲಸ. ಮೊದಲ ಮೊಗ್ಗು ಕಾಣುವ ಹೊತ್ತಿಗೆ ನಡುಗಾಂಡದ ತುದಿ ಮುರಿದರೆ ಪಕ್ಕದ ಕವಲುಗಳು ಒಡೆದು ಗಿಡ ಪೊದೆಯಾಗುತ್ತದೆ. ಹೂ ಹೆಚ್ಚು, ಕೊಯ್ಲೂ ಹೆಚ್ಚು ದಿನ. ಆದರೆ ಮೊದಲ ಹೂ ಒಂದಿಷ್ಟು ದಿನ ತಡವಾಗುತ್ತದೆ. ಇಲ್ಲಿ ಆ ತಡವನ್ನೂ ಲೆಕ್ಕ ಹಾಕಬೇಕು. ಏಕೆಂದರೆ ಈ ಹೂವಿಗೆ ಕಾಯುವ ಕೇರಳದ ಓಣಂ ಹಬ್ಬ ಒಂದು ವರ್ಷ ಆಗಸ್ಟ್ ಕೊನೆಗೆ ಬಂದರೆ ಇನ್ನೊಂದು ವರ್ಷ ಸೆಪ್ಟೆಂಬರಿಗೆ ಬರುತ್ತದೆ. ಅತ್ತಂನಿಂದ ತಿರುವೋಣಂವರೆಗೆ ಹತ್ತು ದಿನ ಮನೆಮುಂದೆ ಪೂಕಳಂ ಎಂಬ ಹೂವಿನ ರಂಗೋಲಿ ಹಾಕುವವರಿಗೆ ಹೂ ತಲುಪಬೇಕು. ಕೇರಳಕ್ಕೆ ಹೋಗುವ ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಆ ದಾರಿಯ ಲಾರಿ ಹೊರಡುವ ಹೊತ್ತೂ ನಿಗದಿ.

ಎಲ್ಲ ಹೂವೂ ಪೂಕಳಂಗೆ ಹೋಗುವುದಿಲ್ಲ. ಕಡುಕಿತ್ತಳೆ ತಳಿಗಳನ್ನು ಕಂಪನಿಗಳು ಒಪ್ಪಂದದ ಮೇಲೆ ಬೆಳೆಸಿ ಕೆ.ಜಿ. ಲೆಕ್ಕದಲ್ಲಿ ಕೊಳ್ಳುತ್ತವೆ. ದಳಗಳನ್ನು ಹುದುಗಿಸಿ, ಒಣಗಿಸಿ ಲ್ಯೂಟಿನ್ ತೆಗೆಯುತ್ತಾರೆ. ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿ ಭಾಗಕ್ಕೆ ಗಾಢ ಬಣ್ಣ ಕೊಡುವುದು ಅದೇ.

ಬೀಜ ಕಟ್ಟಿದ ಹೂ ಬೇಗ ಬಾಡುತ್ತದೆ, ಗಿಡವೂ ಬೇಗ ಸೋಲುತ್ತದೆ. ಬಾಡಿದ್ದನ್ನು ಆಗಿಂದಾಗ್ಗೆ ಕಿತ್ತು ಹಾಕಬೇಕೆನ್ನುವುದು ಅದಕ್ಕೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಗ್ನಿ, ಅರ್ಕಾ ಬಂಗಾರ ತಳಿಗಳಲ್ಲಿ ಕೇಸರಗಳು ದಳಗಳಾಗಿ ಮಾರ್ಪಟ್ಟಿರುತ್ತವೆ. ಹಾಗಾಗಿ ಇವನ್ನು ಬೀಜದಿಂದಲ್ಲ, ಕುಡಿಯಿಂದ ಬೆಳೆಸುತ್ತಾರೆ. ಹೂವಿಲ್ಲದ ಎಳೆ ಕುಡಿಯನ್ನು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೇವದ ಮರಳು ಇಲ್ಲವೇ ನಾರಿನ ಪುಡಿಯಲ್ಲಿ ನೆರಳಿಗಿಟ್ಟರೆ ಎರಡು ವಾರದೊಳಗೆ ಬೇರು ಬಿಡುತ್ತದೆ. ಸಾಮಾನ್ಯ ಚೆಂಡು ಹೂವಿಗೂ ಈ ವಿಧಾನ ಒಗ್ಗುತ್ತದೆ. ಟೇಬಲ್ ರೋಸ್ ಅಂತೂ ತುಂಡು ಕಾಂಡ ಚುಚ್ಚಿದರೆ ಸಾಕು. ಹೈಬ್ರಿಡ್ ಹೂವಿನ ಬೀಜ ಎತ್ತಿಟ್ಟರೆ ಮಾತ್ರ ಮುಂದಿನ ವರ್ಷ ತಾಯಿಯಂಥ ಗಿಡ ಬರುವ ಭರವಸೆಯಿಲ್ಲ.

ತರಕಾರಿ ಬೆಳೆಯುವ ತೆರಕಣಾಂಬಿಯಂಥ ಊರಿಗೆ ಚೆಂಡು ಹೂವಿನ ಇನ್ನೊಂದು ಉಪಯೋಗ ಬೆಲೆಬಾಳುವಂಥದ್ದು. ಅದೇ ಸಂಸ್ಥೆ ರೂಪಿಸಿದ ಪದ್ಧತಿಯಂತೆ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ ನೆಟ್ಟರೆ ಕಾಯಿ ಕೊರೆವ ಹುಳುವಿನ ಪತಂಗ ಹೂವಿನ ಮೇಲೆ ಮೊಟ್ಟೆ ಇಡುತ್ತದೆ. ಎರಡೂ ಜೊತೆಗೆ ಹೂ ಬಿಡಬೇಕು. ಆದ್ದರಿಂದ 25 ದಿನದ ಟೊಮೆಟೊ ಪೈರಿನ ಜೊತೆ 45 ದಿನದ ಚೆಂಡು ಹೂವಿನ ಪೈರು ಬೇಕಾಗುತ್ತದೆ. ನರ್ಸರಿಗೆ ಟೊಮೆಟೊ ಹೇಳುವುದಕ್ಕೆ 20 ದಿನ ಮೊದಲೇ ಚೆಂಡು ಹೂವಿನ ಟ್ರೇ ಹೇಳಿಟ್ಟಿರಬೇಕು.