‘ಮೈಸೂರು’ ಎಂಬ ಯುದ್ಧನೌಕೆಯ ಸೇವಾ ಚರಿತ್ರೆ

ಒಂಬತ್ತನೆಯ ತರಗತಿಯಲ್ಲಿ ಭಾರತೀಯ ನೌಕಾದಳದ ವಿಷಯ ಹೇಳುತ್ತ ಕೆಲವು ಹಡಗುಗಳ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದಿದ್ದೆನು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗನು ಎದ್ದು ನಿಂತು, “ಮೈಸೂರಿಗೆ ಸಮುದ್ರವೇ ಇಲ್ಲವಲ್ಲ ಮಾಷ್ಟ್ರೇ, ಹಡಗಿಗೆ ಆ ಹೆಸರು ಯಾಕೆ?” ಎಂದು ಕೇಳಿದನು. ಮೀನುಗಾರರ ಮನೆಯಿಂದ ಬರುವ ಹುಡುಗ. ಸಮುದ್ರದ ಲೆಕ್ಕವನ್ನು ತಪ್ಪುವವನಲ್ಲ. ತರಗತಿ ನಕ್ಕಿತು. ನಾನು ನಗಲಿಲ್ಲ. ಆ ಪ್ರಶ್ನೆಗೆ ಎರಡು ಮಾತಿನ ಉತ್ತರವಿಲ್ಲವೆಂಬುದು ಆಗಲೇ ಹೊಳೆದಿತ್ತು. ಆ ಹುಡುಗನಿಗೆ ಹೇಳಿದುದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಸಹೋದ್ಯೋಗಿ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮೊದಲು ‘ಕ್ರೂಸರ್’ ಎಂಬ ಪದದ ಅರ್ಥವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹಳೆಯ ನೌಕಾದಳಗಳಲ್ಲಿ ಬ್ಯಾಟಲ್‌ಷಿಪ್ಪು ಆನೆಯಂತೆ; ದೊಡ್ಡದು, ಬಲವಾದದ್ದು, ನಿಧಾನವಾದದ್ದು. ಡೆಸ್ಟ್ರಾಯರು ಬೇಟೆನಾಯಿಯಂತೆ, ಚುರುಕಾದದ್ದು, ಆದರೆ ದೂರದ ಪಯಣಕ್ಕೆ ಒಂಟಿಯಾಗಿ ಸಾಲದು. ಇವೆರಡರ ನಡುವಣ ಕುದುರೆಯೇ ಕ್ರೂಸರ್. ವ್ಯಾಪಾರದ ಹಡಗುಗಳನ್ನು ಕಾಯುವುದು, ದೂರದ ಕಡಲುಗಳಲ್ಲಿ ತಿಂಗಳುಗಟ್ಟಲೆ ತಿರುಗಾಡುವುದು, ಧ್ವಜವನ್ನು ತೋರಿಸುವುದು ಅದರ ಕೆಲಸ. ನಮ್ಮ ಕಥೆಯ ಹಡಗು ಸುಮಾರು 169 ಮೀಟರ್ ಉದ್ದದ್ದು. ವೇಗ 31 ನಾಟ್‌ಗಿಂತ ಮೇಲು. ಮೊದಲಿಗೆ ಅದರಲ್ಲಿ 6 ಅಂಗುಲದ 12 ಫಿರಂಗಿಗಳಿದ್ದವು. ಅಂಥ ಒಂದೊಂದು ಗುಂಡಿನ ತೂಕ ಸುಮಾರು 50 ಕಿಲೋಗ್ರಾಂ, ಅಂದರೆ ಒಂದು ಅಕ್ಕಿಮೂಟೆಯಷ್ಟು.

ಈ ಹಡಗು ಹುಟ್ಟಿದ್ದು ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ಟೈನ್ ನದಿಯ ದಂಡೆಯಲ್ಲಿ. 1938ರ ಫೆಬ್ರವರಿಯಲ್ಲಿ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಂಪೆನಿಯವರು ತಳಹದಿ ಹಾಕಿದರು. 1939ರ ಜುಲೈ 18ರಂದು ನೀರಿಗಿಳಿಯಿತು. 1940ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿತು. ಆಗ ಅದಕ್ಕಿದ್ದ ಹೆಸರು ‘ನೈಜೀರಿಯಾ’. ಫಿಜಿ, ಕೀನ್ಯಾ, ಮಾರಿಷಸ್, ಜಮೈಕಾ, ಸಿಲೋನ್ ಎಂದು ತಮ್ಮ ವಸಾಹತುಗಳ ಹೆಸರುಗಳನ್ನೇ ಬ್ರಿಟಿಷರು ಈ ವರ್ಗದ ಹಡಗುಗಳಿಗೆ ಇಟ್ಟಿದ್ದರು. ಆಳಿಸಿಕೊಳ್ಳುವವರ ಹೆಸರು ಹಡಗಿಗೆ, ಹಡಗಿನ ಧ್ವಜ ಮಾತ್ರ ಆಳುವವರದು. ಇದೂ ಒಂದು ಪಾಠವೇ ಸರಿ.

ಅದರ ಯುದ್ಧಸೇವೆಯಲ್ಲಿ ಅತ್ಯಂತ ಮುಖ್ಯವಾದ ಕಾರ್ಯ ಯಾವುದೆಂದು ಕೇಳಿದರೆ, ಮಕ್ಕಳು ದೊಡ್ಡದೊಂದು ಕಾಳಗವನ್ನು ನಿರೀಕ್ಷಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕಾಗದಗಳ ಬೇಟೆ. ಜರ್ಮನರು ಉತ್ತರದ ಕಡಲಿನಲ್ಲಿ ಸಣ್ಣ ಹಡಗುಗಳನ್ನು ನಿಲ್ಲಿಸಿ ಹವಾಮಾನದ ವರದಿ ತರಿಸಿಕೊಳ್ಳುತ್ತಿದ್ದರು. ಆ ವರದಿಗಳು ‘ಎನಿಗ್ಮಾ’ ಎಂಬ ಗೂಢಲಿಪಿ ಯಂತ್ರದ ಮೂಲಕ ಹೋಗುತ್ತಿದ್ದವು. ಯಂತ್ರವಿದ್ದಲ್ಲಿ ಅದರ ಕೀಲಿಯ ಪಟ್ಟಿಯೂ ಇರಲೇಬೇಕಷ್ಟೆ! ಬ್ಲೆಚ್‌ಲಿ ಪಾರ್ಕಿನಲ್ಲಿ ಗೂಢಲಿಪಿ ಬಿಡಿಸುತ್ತಿದ್ದವರಲ್ಲಿ ಹ್ಯಾರಿ ಹಿನ್ಸ್ಲಿ ಎಂಬ ತರುಣನು ಈ ಅಂಶವನ್ನು ಗುರುತಿಸಿದನು. ಅದರಂತೆ 1941ರ ಜೂನ್ 28ರಂದು ‘ನೈಜೀರಿಯಾ’ವೂ ಮೂರು ಡೆಸ್ಟ್ರಾಯರುಗಳೂ ಯಾನ್ ಮಾಯೆನ್ ದ್ವೀಪದ ಆಚೆ ‘ಲೌವೆನ್‌ಬುರ್ಗ್’ ಎಂಬ ಹವಾಮಾನದ ಹಡಗನ್ನು ದಟ್ಟವಾದ ಮಂಜಿನಲ್ಲಿ ಹುಡುಕಿ ಹಿಡಿದವು. ಅದನ್ನು ಮುಳುಗಿಸುವಂತಿರಲಿಲ್ಲ, ಮುಳುಗಿದರೆ ಬಂದ ಕೆಲಸವೇ ಕೆಟ್ಟಿತು. ಆದುದರಿಂದ ಹೆದರಿಸುವುದಕ್ಕೆ ಎಷ್ಟು ಬೇಕೋ ಅಷ್ಟೇ ಗುಂಡು ಹಾರಿಸಿದರು. ಜರ್ಮನ್ ನಾವಿಕರು ದೋಣಿಗಳಿಗಿಳಿದರು. ಆಂಗ್ಲರು ಒಳಹೊಕ್ಕು ಕಾಗದಗಳನ್ನೆಲ್ಲ ಬಾಚಿ ತಂದರು. ಮುಂದಿನ ತಿಂಗಳ ಸಂಕೇತಗಳ ಪಟ್ಟಿ ಅದರಲ್ಲಿ ದೊರೆಯಿತು. 12 ಫಿರಂಗಿಗಳ ಹಡಗಿಗೆ ಇದು ಬಹಳ ಸಣ್ಣ ಶಿಕಾರಿಯೆಂದು ತೋರಬಹುದು. ಆದರೆ ಜಲಾಂತರ್ಗಾಮಿಗಳ ಸಂಚಾರವನ್ನು ಮೊದಲೇ ತಿಳಿದು ಹಡಗುಗಳ ದಾರಿ ತಪ್ಪಿಸಿ ಕಳುಹಿಸಲು ಸಾಧ್ಯವಾದುದು ಇಂಥ ಕಾಗದಗಳಿಂದಲೇ.

ಅದೇ ವರ್ಷ ಆಗಸ್ಟಿನಲ್ಲಿ ಉತ್ತರಧ್ರುವದ ಸಮೀಪದ ಸ್ಪಿಟ್ಸ್‌ಬರ್ಗನ್ ದ್ವೀಪಗಳ ಗಣಿಕಾರ್ಮಿಕರನ್ನು ಬೇರೆಡೆಗೆ ಸಾಗಿಸಿ, ಕಲ್ಲಿದ್ದಲಿನ ರಾಶಿಗಳಿಗೆ ಬೆಂಕಿಯಿಟ್ಟ ಕಾರ್ಯಾಚರಣೆಯಲ್ಲಿಯೂ ಈ ಹಡಗು ಇದ್ದಿತು. ಹಿಂತಿರುಗುವಾಗ ಸೆಪ್ಟೆಂಬರಿನಲ್ಲಿ ನಾರ್ವೆಯ ತೀರದಲ್ಲಿ ಜರ್ಮನರ ‘ಬ್ರೆಮ್ಸೆ’ಯನ್ನು ಮುಳುಗಿಸಿ, ತನ್ನ ಮೂತಿಯನ್ನೂ ಜಜ್ಜಿಸಿಕೊಂಡು ಬಂದಿತು.

ಇನ್ನು 1942ರ ಆಗಸ್ಟ್ 12. ಮಾಲ್ಟಾ ದ್ವೀಪ ಮುತ್ತಿಗೆಯಲ್ಲಿ ಹಸಿದು ಕುಳಿತಿದ್ದ ಕಾಲ. ಅಲ್ಲಿಗೆ ಆಹಾರ, ಎಣ್ಣೆ ತುಂಬಿದ 14 ಹಡಗುಗಳನ್ನು ಮೆಡಿಟರೇನಿಯನ್ ಮೂಲಕ ಒಯ್ಯುವ ಕೆಲಸ. ಹತ್ತಿರದ ಕಾವಲು ಪಡೆಯ ಅಡ್ಮಿರಲ್ ಬರೋ ಅವರ ಧ್ವಜನೌಕೆ ‘ನೈಜೀರಿಯಾ’. ಕಿರಿದಾದ ಜಲಮಾರ್ಗವನ್ನು ಹೊಗಲೆಂದು ನಾಲ್ಕು ಸಾಲುಗಳಲ್ಲಿದ್ದ ಹಡಗುಗಳು ಎರಡು ಸಾಲುಗಳಾಗಿ ಮಾರ್ಪಡುತ್ತಿದ್ದ ಸಂಜೆಯ ಹೊತ್ತಿನಲ್ಲಿ, ‘ಆಕ್ಸುಮ್’ ಎಂಬ ಇಟಲಿಯ ಜಲಾಂತರ್ಗಾಮಿ ನಾಲ್ಕು ಟಾರ್ಪೆಡೋಗಳನ್ನು ಬಿಟ್ಟಿತು. ಅವು ಮೂರು ಹಡಗುಗಳಿಗೆ ತಗುಲಿದವು: ‘ನೈಜೀರಿಯಾ’, ‘ಕೈರೋ’, ಮತ್ತು ‘ಓಹಾಯೋ’ ಎಂಬ ಎಣ್ಣೆಯ ಹಡಗು. ‘ಕೈರೋ’ವನ್ನು ಉಳಿಸಲಾಗಲಿಲ್ಲ. ‘ನೈಜೀರಿಯಾ’ದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಮಾಲ್ಟಾದಿಂದ ಬರುವ ಕಾವಲು ವಿಮಾನಗಳಿಗೆ ರೇಡಿಯೋ ಮೂಲಕ ದಾರಿ ತೋರುವ ಸಲಕರಣೆ ಇದ್ದುದು ಆ ಎರಡು ಯುದ್ಧನೌಕೆಗಳಲ್ಲೇ. ಒಂದೇ ಏಟಿಗೆ ಎರಡು ಕಣ್ಣುಗಳೂ ಹೋದವು. 14 ಹಡಗುಗಳಲ್ಲಿ ಮಾಲ್ಟಾ ತಲುಪಿದವು ಐದು. ಅದರಲ್ಲೊಂದು, ಮುರಿದು ಮುಳುಗುವ ಸ್ಥಿತಿಯಲ್ಲಿ ಡೆಸ್ಟ್ರಾಯರುಗಳ ನಡುವೆ ಕಟ್ಟಿಸಿಕೊಂಡು ಬಂದ ‘ಓಹಾಯೋ’. ಅಡ್ಮಿರಲ್ ಬರೋ ‘ಅಶಾಂತಿ’ ಎಂಬ ಡೆಸ್ಟ್ರಾಯರಿಗೆ ಏರಿ ಮುಂದೆ ಹೋದರು. ‘ನೈಜೀರಿಯಾ’ ಸತ್ತವರನ್ನು ಹೊತ್ತು ಜಿಬ್ರಾಲ್ಟರಿಗೆ ಕುಂಟುತ್ತ ಹಿಂತಿರುಗಿತು. ಅಮೆರಿಕದಲ್ಲಿ ಅದರ ದುರಸ್ತಿಗೆ ತಿಂಗಳುಗಳೇ ಹಿಡಿದವು. ಬಳಿಕ 1944ರಲ್ಲಿ ಹಿಂದೂ ಮಹಾಸಾಗರಕ್ಕೆ ಬಂದು ಸುಮಾತ್ರದ ಸಬಾಂಗ್ ಮೇಲಿನ ದಾಳಿಯಲ್ಲಿ ಪಾಲ್ಗೊಂಡಿತು. ಯುದ್ಧಾನಂತರ ಕೆಲಕಾಲ ದಕ್ಷಿಣ ಅಟ್ಲಾಂಟಿಕಿನಲ್ಲಿ ತಿರುಗಾಡಿತು.

1954ರಲ್ಲಿ ಭಾರತ ಈ ಹಡಗನ್ನು ಕೊಂಡಿತು. ಬರ್ಕನ್‌ಹೆಡ್ಡಿನಲ್ಲಿ ಮೂರು ವರ್ಷಗಳ ಜೀರ್ಣೋದ್ಧಾರ ನಡೆದು, 9 ಫಿರಂಗಿಗಳೊಡನೆ 1957ರ ಆಗಸ್ಟ್ 29ರಂದು ‘ಮೈಸೂರು’ ಎಂಬ ಹೆಸರಿನಿಂದ ಅದು ನಮ್ಮ ನೌಕಾದಳದ ಸೇವೆಗೆ ಬಂದಿತು. ಇದಕ್ಕೆ ಮೊದಲೇ, 1948ರಲ್ಲಿ, ‘ಅಕಿಲೀಸ್’ ಎಂಬ ಕ್ರೂಸರು ‘ದೆಹಲಿ’ ಆಗಿತ್ತು. ಸ್ವತಂತ್ರ ದೇಶವೊಂದು ಹಳೆಯ ಒಡೆಯನ ಹಡಗನ್ನು ಕೊಂಡು ತನ್ನ ಊರಿನ ಹೆಸರಿಟ್ಟುಕೊಂಡಾಗ, ನೈಜೀರಿಯಾ ದೇಶ ಇನ್ನೂ ವಸಾಹತಾಗಿಯೇ ಇದ್ದಿತು. ಅದಕ್ಕೆ ಸ್ವಾತಂತ್ರ್ಯ ಬಂದುದು 1960ರ ಅಕ್ಟೋಬರ್ 1ರಂದು. ಹೆಸರಿಗಿಂತ ಮೊದಲು ಹಡಗೇ ಬಿಡುಗಡೆಯಾಯಿತು ಎನ್ನಬಹುದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಒಡೆಯರ ಮೈಸೂರು ಸಂಸ್ಥಾನಕ್ಕೆ ಸಮುದ್ರವಿರಲಿಲ್ಲ, ನಿಜ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಉತ್ತರ ಕನ್ನಡವೂ ದಕ್ಷಿಣ ಕನ್ನಡವೂ ವಿಶಾಲ ಮೈಸೂರಿಗೆ ಸೇರಿ, ಕಾರವಾರದಿಂದ ಮಂಗಳೂರಿನ ತೆಂಕಣವರೆಗಿನ ಕರಾವಳಿ ಅದರದಾಯಿತು. ಅದೇ ದಿನ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಹೋದ ತಾಲೂಕು ನಮ್ಮದು. ಎಂದರೆ ಹಡಗಿಗೆ ಧ್ವಜವೇರಿದ ದಿನ ಮೈಸೂರಿಗೆ ಕಡಲು ದೊರೆತು ಹತ್ತು ತಿಂಗಳಾಗಿದ್ದವು. ಹುಡುಗನಿಗೆ ಇದನ್ನು ಹೇಳಿದಾಗ, “ಹಾಗಾದರೆ ನಮ್ಮ ಕಡಲು?” ಎಂದನು. ಅದಕ್ಕೆ ನಾನು ಭೂಪಟವನ್ನು ತೋರಿಸಿದೆ, ಅಷ್ಟೆ.

1959ರ ಆಗಸ್ಟಿನಲ್ಲಿ ಸಿಂಹಳದ ಬಳಿ ಅಭ್ಯಾಸ ನಡೆಯುತ್ತಿದ್ದಾಗ ‘ಮೈಸೂರು’ ಮತ್ತು ಬ್ರಿಟಿಷ್ ಡೆಸ್ಟ್ರಾಯರ್ ‘ಹೋಗ್’ ಡಿಕ್ಕಿ ಹೊಡೆದುಕೊಂಡವು. ‘ಹೋಗ್’ ಮತ್ತೆ ಚೇತರಿಸಿಕೊಳ್ಳದೆ 1962ರಲ್ಲಿ ಗುಜರಿಗೆ ಹೋಯಿತು.

ಎರಡು ವರ್ಷಗಳ ಬಳಿಕ ‘ಮೈಸೂರು’ ತನ್ನ ಹೆಸರಿನ ರಾಜ್ಯದ ತೀರಕ್ಕೇ ಯುದ್ಧಕ್ಕೆ ಬಂದಿತು. ಕಾರವಾರದ ಸನಿಹ, ಬಿಣಗಾದ ಎದುರಿಗೆ, ಅಂಜದೀಪವೆಂಬ ಪುಟ್ಟ ದ್ವೀಪವಿದೆ. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ತಂಗಿದ್ದನು. 1505ರಲ್ಲಿ ಪೋರ್ತುಗೀಜರು ಕೋಟೆ ಕಟ್ಟಿದರು. ಮುಂಬಯಿಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ಸೈನಿಕರು 1660ರ ದಶಕದಲ್ಲಿ ಅಪ್ಪಣೆಗಾಗಿ ಕಾಯುತ್ತ ಅಲ್ಲಿಯೇ ರೋಗದಿಂದ ನೂರಾರು ಸಂಖ್ಯೆಯಲ್ಲಿ ಸತ್ತರು; ಅವರ ಮುಖಂಡ ಸರ್ ಅಬ್ರಹಾಂ ಶಿಪ್‌ಮನ್‌ನೂ ಉಳಿಯಲಿಲ್ಲ. 1961ರ ನವೆಂಬರಿನಲ್ಲಿ ಈ ದ್ವೀಪದಿಂದ ‘ಸಾಬರಮತಿ’ ಎಂಬ ಭಾರತೀಯ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತು. ಗೋವಾ ವಿಮೋಚನೆಯ ಕಾರ್ಯಾಚರಣೆ ಡಿಸೆಂಬರ್ 18ರಂದು ಆರಂಭವಾದಾಗ, ಅಂಜದೀಪವನ್ನು ಹಿಡಿಯುವ ಕೆಲಸ ‘ಮೈಸೂರು’ ಮತ್ತು ‘ತ್ರಿಶೂಲ’ ಹಡಗುಗಳಿಗೆ ಬಿದ್ದಿತು.

ದ್ವೀಪಕ್ಕೆ ಇಳಿದವರು ಕಾಲ್ದಳದ ಯೋಧರಲ್ಲ. ಬಂದೂಕು ಹಿಡಿದ ನಾವಿಕರು. ಲೆಫ್ಟಿನೆಂಟ್ ಅರುಣ್ ಆಡಿಟ್ಟೋ ಅವರು ಮುಂದಾಳು. ದ್ವೀಪದವರು ಬಿಳಿ ಬಾವುಟ ತೋರಿಸಿ, ದೋಣಿಗಳು ಹತ್ತಿರ ಬಂದಾಗ ಗುಂಡು ಸುರಿಸಿದರೆಂದು ಭಾರತೀಯ ವರದಿಗಳು ಹೇಳುತ್ತವೆ. ಏಳು ಮಂದಿ ನಾವಿಕರು ಮಡಿದರು, 19 ಮಂದಿ ಗಾಯಗೊಂಡರು. ಇಷ್ಟಾದ ಮೇಲೆ ಹಡಗುಗಳ ಫಿರಂಗಿಗಳು ದ್ವೀಪದ ಮೇಲೆ ಬಿರುಸಾಗಿ ಹಾರಿದವು. ಮರುದಿನ ದ್ವೀಪ ಕೈವಶವಾಯಿತು. ಅಕ್ಕಿಮೂಟೆಯ ತೂಕದ ಗುಂಡುಗಳನ್ನು ಹದಿನೈದು ಮೈಲಿಯ ಹತ್ತಿರ ಹತ್ತಿರ ಎಸೆಯಬಲ್ಲ ಹಡಗು ಬೆನ್ನ ಹಿಂದೆ ನಿಂತಿದ್ದರೂ, ಸಣ್ಣ ದೋಣಿಯಿಂದ ಮರಳಿಗೆ ಕಾಲಿಡುವ ಮನುಷ್ಯನಿಗೆ ಎದೆಯೇ ಗೋಡೆ. ಈ ಏಳು ಮಂದಿಯ ಪ್ರಸ್ತಾಪ ಗಡಿಯ ಎರಡು ಬದಿಯ ಪಠ್ಯಪುಸ್ತಕಗಳಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

1971ರ ಯುದ್ಧದಲ್ಲಿ ‘ಮೈಸೂರು’ ಪಶ್ಚಿಮ ನೌಕಾಪಡೆಯ ಧ್ವಜನೌಕೆ; ಮೇಲೆ ರಿಯರ್ ಅಡ್ಮಿರಲ್ ಕುರುವಿಲ್ಲಾ ಅವರ ಧ್ವಜ. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯ ಎದುರಿಗೆ ಪಾಕಿಸ್ತಾನದ ‘ಖೈಬರ್’ ಮೊದಲಾದ ಹಡಗುಗಳನ್ನು ಮುಳುಗಿಸಿದವು ಸುಮಾರು 200 ಟನ್ನಿನ ಕ್ಷಿಪಣಿ ದೋಣಿಗಳು. ಒಂದೊಂದರಲ್ಲಿ ನಾಲ್ಕೇ ಕ್ಷಿಪಣಿಗಳು. ಹಾರುವ ದೂರ ಮಾತ್ರ ಕ್ರೂಸರಿನ ಫಿರಂಗಿಗಿಂತ ಹೆಚ್ಚು. ಅಂದು ಫಿರಂಗಿಯ ಯುಗಕ್ಕೆ ತೆರೆ ಬಿದ್ದಿತು. ‘ಮೈಸೂರು’ ಬಳಿಕ ತರುಣ ಅಧಿಕಾರಿಗಳಿಗೆ ಪಾಠ ಹೇಳುವ ತರಬೇತಿಯ ಹಡಗಾಯಿತು. ಮುದಿ ಸೈನಿಕ ಮೇಷ್ಟ್ರಾದಂತೆ ಎನ್ನುವುದು ನನ್ನ ವೃತ್ತಿಯ ಅಭಿಮಾನವಿರಬಹುದು.

1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಹಡಗು ಮೈಸೂರಾಗಿಯೇ ಉಳಿಯಿತು. 1985ರಲ್ಲಿ ಸೇವೆಯಿಂದ ನಿವೃತ್ತವಾಗಿ ಒಡೆದುಹೋಯಿತು. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಕಟ್ಟಿದ, ಗಂಡಭೇರುಂಡದ ಲಾಂಛನವುಳ್ಳ ಡೆಸ್ಟ್ರಾಯರೊಂದು ಅದೇ ಹೆಸರನ್ನು 1999ರ ಜೂನ್ 2ರಂದು ಹೊತ್ತುಕೊಂಡಿತು.

ಅಂಜದೀಪ ಈಗ ಕಾರವಾರದ ಕದಂಬ ನೌಕಾನೆಲೆಯ ಆವರಣದಲ್ಲಿದೆ. ಅಲೆತಡೆಯ ಗೋಡೆ ಕಟ್ಟಿ ಅದನ್ನು ಕರ್ನಾಟಕದ ನೆಲಕ್ಕೆ ಸೇರಿಸಿದ್ದಾರೆ. ಕಾಗದದ ಮೇಲೆ ಮಾತ್ರ ಅದು ಗೋವಾಕ್ಕೆ ಸೇರಿದ್ದು. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನು ತನ್ನ ಭೂಪಟದ ಹಾಳೆಯಲ್ಲಿ ಕಾರವಾರದ ಎದುರಿಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು, ಬಣ್ಣ ಯಾವುದು ಹಚ್ಚಬೇಕೆಂದು ಕೇಳಿದನು.